ಹಂಪೆಯಲ್ಲಿ ಖರ್ಚಾದ ಹಣ ಯಾರ ಮನೆ ಸೇರುತ್ತದೆ?

ಮಕ್ಕಳಿಗೆ ರಜೆ ಬಂತೆಂದರೆ ಸಾಕು, ‘ಈ ಸಲ ಎಲ್ಲಿಗೆ?’ ಎಂಬ ಚರ್ಚೆ ಮನೆಯಲ್ಲಿ ಶುರುವಾಗುತ್ತದೆ. ಬಸ್ಸು, ರೈಲಿನ ವಿಚಾರ ಯಜಮಾನರು ನೋಡಿಕೊಂಡರೂ ಬುತ್ತಿ ಏನು, ಬಟ್ಟೆ ಎಷ್ಟು, ಖರ್ಚು ಎಲ್ಲಿ ಹಿಡಿಯಬೇಕು ಅನ್ನುವ ಲೆಕ್ಕ ಹೇಗೂ ನಮ್ಮ ಪಾಲಿನದೇ. ಆ ಲೆಕ್ಕದ ಜೊತೆಗೆ ಇನ್ನೊಂದನ್ನೂ ಹಾಕಿ ನೋಡಿ ಸೋದರಿಯರೇ. ಹೋದ ಊರಿನಲ್ಲಿ ನಾವು ಬಿಟ್ಟು ಬರುವ ಹಣ ಯಾರ ಕೈ ಸೇರುತ್ತದೆ? ಬಿಟ್ಟು ಬರುವ ಕಸವನ್ನು ಯಾರ ಕೈ ಗುಡಿಸುತ್ತದೆ?

‘ಸುಸ್ಥಿರ ಪ್ರವಾಸೋದ್ಯಮ’ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಕೇಳಲು ಭಾರಿಯಾದರೂ ಅದರ ಅರ್ಥ ಅಡುಗೆಮನೆಯದೇ: ಇವತ್ತು ಉಂಡು ನಾಳೆಗೂ ಉಳಿಯಬೇಕು. ನೋಡಲು ಹೋದ ಜಾಗ ಕೆಡಬಾರದು, ಅಲ್ಲಿಯ ಜನಕ್ಕೆ ಅದರಿಂದ ನಾಲ್ಕು ಕಾಸು ಸಿಗಬೇಕು. ಇದು ಎಷ್ಟರಮಟ್ಟಿಗೆ ಆಗುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿಯಲು ದೂರದ ದೇಶಕ್ಕೆ ಹೋಗಬೇಕಿಲ್ಲ. ನಮ್ಮ ಹಂಪೆಯೇ ಸಾಕು.

ಹಂಪೆಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹದಿಮೂರು ವರ್ಷದಲ್ಲೇ, ಅಂದರೆ 1999ರಲ್ಲಿ, ಅದೇ ಯುನೆಸ್ಕೋ ಹಂಪೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಸ್ಮಾರಕಗಳ ಮಗ್ಗುಲಲ್ಲೇ ತುಂಗಭದ್ರೆಗೆ ಅಡ್ಡಲಾಗಿ ಏಳುತ್ತಿದ್ದ ಸೇತುವೆಗಳೇ ಅದಕ್ಕೆ ಮುಖ್ಯ ಕಾರಣ. ಆಮೇಲೆ ಹಂಪೆಗೆಂದೇ ಕಾಯಿದೆ ಬಂತು, ಪ್ರಾಧಿಕಾರ ಹುಟ್ಟಿತು, ಕಂಡಕಂಡಲ್ಲಿ ಕಟ್ಟುವುದಕ್ಕೆ ಲಗಾಮು ಬಿತ್ತು. 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ಹೊರಬಂತು. ಇದಿಷ್ಟೂ ಇಲ್ಲದಿದ್ದರೆ ವಿರೂಪಾಕ್ಷನ ಗೋಪುರದ ಪಕ್ಕಕ್ಕೇ ಐದಂತಸ್ತಿನ ಹೋಟೆಲು ಏಳುತ್ತಿತ್ತೋ ಏನೋ!

ಆದರೆ ಕಾನೂನಿಗೆ ಕಲ್ಲು ಕಾಣಿಸಿದಷ್ಟು ಚೆನ್ನಾಗಿ ಒಲೆ ಕಾಣಿಸುವುದಿಲ್ಲ. ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಗೋಡೆ ಎತ್ತಿಕೊಂಡು ಅಂಗಡಿ, ಖಾನಾವಳಿ, ಮನೆ ಮಾಡಿಕೊಂಡಿದ್ದ ಸಂಸಾರಗಳನ್ನು 2011ರ ಜುಲೈಯಲ್ಲಿ ತೆರವು ಮಾಡಿಸಿದರು. ಐನೂರು ವರ್ಷದ ಕಂಬಗಳಿಗೆ ಮೊಳೆ ಹೊಡೆಯುವುದು ಸರಿಯೇ ಅಂತ ನೀವು ಕೇಳಬಹುದು. ಸರಿಯಲ್ಲ, ಒಪ್ಪಿದೆ. ಆದರೆ ಗುಡಿಯ ಮುಂದೆ ಕಾಯಿ, ಕರ್ಪೂರ ಮಾರಿ ಮಕ್ಕಳ ಫೀಜು ಕಟ್ಟುತ್ತಿದ್ದವಳಿಗೆ ಕಡ್ಡಿರಾಂಪುರದಲ್ಲಿ ನಿವೇಶನ ಕೊಟ್ಟರೆ ಮಲಗಲು ಜಾಗ ಆದೀತು. ಗಿರಾಕಿ ಅಲ್ಲಿಗೆ ಬರುತ್ತಾನೆಯೇ? ಸ್ಮಾರಕ ಉಳಿಸುವ ಯೋಜನೆ ಬರೆಯುವವರು ಈ ಪ್ರಶ್ನೆಯನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಬೇಕಿತ್ತು.

ನದಿಯಾಚೆಯ ವಿರೂಪಾಪುರ ಗಡ್ಡೆಯ ಕಥೆ ಇನ್ನೊಂದು ಬಗೆ. ಅಲ್ಲಿ ಅಕ್ರಮವಾಗಿ ಎದ್ದಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚಿನಲ್ಲಿ ಕೆಡವಿದರು. ಪ್ರವಾಸಿ ಬರುವುದನ್ನು ನಿಲ್ಲಿಸಿದನೇ? ಇಲ್ಲ. ಮುಷ್ಟಿಯಲ್ಲಿ ಹಿಡಿದ ಹಿಟ್ಟು ಬೆರಳ ಸಂದಿಯಿಂದ ಹೊರಬರುವ ಹಾಗೆ ಸಾಣಾಪುರ, ಹನುಮನಹಳ್ಳಿ ಕಡೆಗೆ ಸರಿದ, ಅಷ್ಟೆ.

ನನಗೆ ಮೆಚ್ಚಿಗೆಯಾದದ್ದು ವಿಜಯ ವಿಠ್ಠಲ ದೇವಾಲಯದ ದಾರಿ. ಕಾರು, ಬಸ್ಸುಗಳನ್ನು ಒಂದು ಕಿಲೋಮೀಟರು ಹಿಂದೆಯೇ ನಿಲ್ಲಿಸಿ, ಅಲ್ಲಿಂದ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು, ಇಲ್ಲವೇ ನಡೆಯಬೇಕು. ಕಲ್ಲಿನ ರಥಕ್ಕೆ ಹೊಗೆ, ಅದುರಾಟ ತಪ್ಪಿತು. ಆ ಗಾಡಿಗಳ ಚಾಲಕರಾಗಿ ಸುತ್ತಲ ಊರುಗಳ ಹೆಣ್ಣುಮಕ್ಕಳನ್ನೇ ತೆಗೆದುಕೊಂಡದ್ದು ಇನ್ನೂ ಒಳ್ಳೆಯದಾಯಿತು. ನೋಟಿನ ಮೇಲಿನ ರಥ ನೋಡಲು ಹೋಗುವ ನಿಮ್ಮ ಮಗಳು, ಚಕ್ರ ಹಿಡಿದ ಆ ಅಕ್ಕನನ್ನೂ ನೋಡಲಿ. ಹಾಗೆಂದು ಇದೇ ಸರ್ವರೋಗಕ್ಕೂ ಮದ್ದಲ್ಲ. ಹೊಗೆ ನಿಂತದ್ದು ಆ ಒಂದು ದಾರಿಯಲ್ಲಿ ಮಾತ್ರ. ರಜೆಯ ದಿನಗಳಲ್ಲಿ ಸರತಿ ಸಾಲೂ ಉದ್ದ.

ಇನ್ನು ಆನೆಗೊಂದಿ. ತಳವಾರಘಟ್ಟದಿಂದ ಹೊಳೆ ದಾಟಿದರೆ ಸಿಗುವ ಹಳೆಯ ಊರು ಇದು, ಸುತ್ತ ಭತ್ತ, ಬಾಳೆ. ಬಾಳೆಯ ಗುಣ ನಿಮಗೆ ಗೊತ್ತೇ ಇದೆ: ಒಂದು ಗೊನೆ ಕೊಟ್ಟ ಮೇಲೆ ಆ ದಿಂಡಿನ ಕೆಲಸ ಮುಗಿಯಿತು, ಕಡಿದು ಬಿಸಾಡಬೇಕು. 1990ರ ದಶಕದ ಕೊನೆಯಲ್ಲಿ ಇಲ್ಲಿ ಕೆಲಸ ಶುರುಮಾಡಿದ ಕಿಷ್ಕಿಂದಾ ಟ್ರಸ್ಟ್, ಆ ಬಾಳೆನಾರಿನಿಂದಲೇ ಹೆಂಗಸರಿಗೆ ಕಸುಬು ಕಟ್ಟಿಕೊಟ್ಟಿತು. ದಿಂಡಿನ ಪದರ ಬಿಡಿಸಿ, ಸೀಳಿ, ಬಿಸಿಲಿಗೆ ಒಣಗಿಸಿ, ಹೊಸೆದು ಹುರಿ ಮಾಡುತ್ತಾರೆ. ಹುರಿಯಿಂದ ಬುಟ್ಟಿ, ಚೀಲ, ಚಾಪೆ. ದೊಡ್ಡ ಬಂಡವಾಳ ಬೇಡ. ಮಗು ಮಲಗಿದಾಗ, ಅನ್ನ ಬೇಯುವಾಗ ಒಂದು ಮೊಳ ಹೊಸೆದರೂ ಅದು ದುಡಿಮೆಯೇ. ಜೊತೆಗೆ ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವುದೂ ಈ ಊರಿನಲ್ಲಿದೆ. ಹಣ ಪೇಟೆಯ ಮಾಲೀಕನಿಗೆ ಹೋಗದೆ ಊರಿನಲ್ಲೇ ಸುತ್ತುತ್ತದೆ.

ಕೊರತೆ ಇಲ್ಲವೇ? ಇದೆ. ಮಳೆಗಾಲದಲ್ಲಿ ನಾರು ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಬೇಸಗೆಯಲ್ಲಿ ಬಂಡೆಗಳು ಕಾದು ಕೆಂಡವಾದಾಗ ಪ್ರವಾಸಿಗಳು ಅಪರೂಪ. ಕೊಳ್ಳುವವರ ಗುಂಪು ಬರುವುದು ಚಳಿಗಾಲದ ಮೂರುನಾಲ್ಕು ತಿಂಗಳು. 2020ರಲ್ಲಿ ಕೊರೋನಾ ಬಂದು ದೇಶದಲ್ಲೆಲ್ಲ ಓಡಾಟ ನಿಂತಾಗ, ಪ್ರವಾಸಿಯನ್ನೇ ನಂಬಿದ ಊರುಗಳು ಎಂಥ ಪಾಡು ಪಟ್ಟವು ಎಂದು ನಾವೆಲ್ಲ ಕಂಡಿದ್ದೇವೆ. ಹೊಲ, ಎಮ್ಮೆ ಬಿಟ್ಟು ಬರೀ ಅತಿಥಿಯನ್ನೇ ನಂಬುವುದು ಅಪಾಯ.

ಹೋಂಸ್ಟೇ ವಿಚಾರದಲ್ಲಿ ನನ್ನದೊಂದು ತಕರಾರಿದೆ. ಫಲಕದ ಮೇಲೆ ಗಂಡಸರ ಹೆಸರು. ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿಯುವವಳು, ಹೊದಿಕೆ ಒಗೆಯುವವಳು ಮನೆಯಾಕೆ. ದುಡ್ಡು ಅವಳ ಖಾತೆಗೆ ಬರದಿದ್ದರೆ ಅದು ಅವಳಿಗೆ ಇನ್ನೊಂದು ಸಂಸಾರದ ಚಾಕರಿಯಾಗಿ ಉಳಿಯುತ್ತದೆ, ಅಷ್ಟೇ. ಸುರಕ್ಷತೆಯ ಮಾತೂ ಇದೆ. 2025ರ ಮಾರ್ಚಿನಲ್ಲಿ ಸಾಣಾಪುರದ ಬಳಿ ಕಾಲುವೆಯ ದಡದಲ್ಲಿ ರಾತ್ರಿ ನಡೆದ ದಾಳಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಪ್ರವಾಸಿಯೊಬ್ಬನ ಜೀವ ಹೋಯಿತು, ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವಾಯಿತು. ಅವರಲ್ಲಿ ಒಬ್ಬಾಕೆ ಹೋಂಸ್ಟೇ ನಡೆಸುತ್ತಿದ್ದವಳು. ಬೀದಿದೀಪ, ಪೊಲೀಸು ಗಸ್ತು ಇಲ್ಲದೆ ‘ಹಳ್ಳಿಯಲ್ಲಿ ತಂಗಿ’ ಎಂದು ಜಾಹೀರಾತು ಕೊಟ್ಟರೆ ಸಾಲದು.

ನಾವು ಹೋದಾಗ ಮಾಡಬಹುದಾದದ್ದು ಬೇಕಾದಷ್ಟಿದೆ. ಸಾಧ್ಯವಿದ್ದರೆ ಡಿಸೆಂಬರ್ ಕೊನೆಯ ವಾರದ ಜಾತ್ರೆಯಂಥ ದಿನಗಳನ್ನು ಬಿಡಿ. ಸೆಪ್ಟೆಂಬರಿನಲ್ಲೂ ಹಂಪೆ ಹಸಿರಾಗಿ ಚೆಂದವೇ. ಹೊಳೆ ತುಂಬಿದ್ದರೆ ಹರಿಗೋಲಿಗೆ ಮಾತ್ರ ಹಟ ಮಾಡಬೇಡಿ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ. ಚಿಪ್ಸ್ ಪೊಟ್ಟಣ ಹಿಡಿದು ಗುಡಿಯ ಹತ್ತಿರ ಹೋದರೆ ಅದು ಹೇಗೂ ಕೋತಿಯ ಪಾಲು, ಕವರು ಮಂಟಪದ ಪಾಲು. ಊಟಕ್ಕೆ ನೂಡಲ್ಸ್ ಹುಡುಕುವ ಬದಲು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕೇಳಿ. ಕೇಳಿದರೆ ತಾನೇ ಮಾಡುತ್ತಾರೆ? ಹೋಟೆಲಿನಲ್ಲಿ ತೆರಿಗೆ ಸಮೇತ ಬಿಲ್ಲು ತೆತ್ತು ಬಂದು, ಬಾಳೆನಾರಿನ ಬುಟ್ಟಿಗೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಅದನ್ನು ಸೀರೆ ಅಂಗಡಿಗೆ ಇಟ್ಟುಕೊಳ್ಳೋಣ.

ಅಂದ ಹಾಗೆ, ಆ ಬುಟ್ಟಿಯನ್ನು ಮನೆಗೆ ತಂದ ಮೇಲೆ ನೀರಿನಲ್ಲಿ ನೆನೆಸಬೇಡಿ. ಒದ್ದೆಬಟ್ಟೆ ಹಿಂಡಿ ಒರೆಸಿ, ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿಡಲು ಬಲು ಅನುಕೂಲ.