ಅಕ್ಕಿ ಹೂ ಬಿಟ್ಟಿತು!

ಏಳನೆಯ ದಿನ ಬೆಳಿಗ್ಗೆ ಜಾಡಿಯ ಮುಚ್ಚಳ ತೆಗೆದೆ. ಒಳಗೆ ನಾನು ಹಾಕಿದ್ದು ಅಕ್ಕಿ, ಉಪ್ಪು, ನೀರು, ಇಷ್ಟೇ. ಮೊದಲ ದಿನ ನಾಲಿಗೆಗಿಟ್ಟಾಗ ಬರೀ ಉಪ್ಪುನೀರು. ಮೂರನೆಯ ದಿನ ಆ ಉಪ್ಪು ಸ್ವಲ್ಪ ಮೆತ್ತಗಾದಂತಿತ್ತು. ಈಗ ನೋಡಿದರೆ ಕಾಳೆಲ್ಲ ಗಂಜಿಯಂತೆ ಕರಗಿ, ಕೆನೆಬಣ್ಣಕ್ಕೆ ತಿರುಗಿ, ಮಾಗಿದ ಹಣ್ಣಿನ ಬುಟ್ಟಿ ತೆರೆದಂತೆ ಘಮ್ಮೆನ್ನುತ್ತಿದೆ! ಬೆರಳ ತುದಿಯಲ್ಲಿ ಮುಟ್ಟಿ ಬಾಯಿಗಿಟ್ಟೆ. ಉಪ್ಪು ಇತ್ತು. ಅದರ ಬೆನ್ನಿಗೇ ಸಿಹಿ ಇತ್ತು, ಒಂದು ಹರಳು ಸಕ್ಕರೆ ಕಾಣದ ಜಾಡಿಯಲ್ಲಿ! ಅದೂ ಇಳಿದ ಮೇಲೆ ಇನ್ನೊಂದು ರುಚಿ ಉಳಿಯಿತು, ನುಂಗಿದರೂ ನಾಲಿಗೆ ಬಿಟ್ಟು ಹೋಗದ್ದು. ಸೌತೆಕಾಯಿ ಹೋಳುಗಳಿಗೆ ಅದನ್ನು ಸವರಿ ಕಾಲು ಗಂಟೆ ಬಿಟ್ಟೆ. ನಿಂತಲ್ಲೇ ಇಡೀ ಸೌತೆಕಾಯಿ ಮುಗಿಯಿತು.

ಆ ಅಕ್ಕಿ ಅಂಗಡಿಯ ಅಕ್ಕಿಯಲ್ಲ. ಜಪಾನಿನಲ್ಲಿ ಕೆಲಸಕ್ಕಿರುವ ತಂಗಿಯ ಮಗಳು ರಜೆಗೆ ಬಂದಾಗ ಒಂದು ಪೊಟ್ಟಣ ಕೈಗಿಟ್ಟು, "ದೊಡ್ಡಮ್ಮ, ಇದು ಬೂಷ್ಟು ಹಿಡಿದಿರೋ ಅಕ್ಕಿ. ನೋಡಿದ ತಕ್ಷಣ ಬಿಸಾಕಿಬಿಡಬೇಡಿ ಮತ್ತೆ" ಎಂದಿದ್ದಳು. ಬಿಚ್ಚಿದರೆ ಕಾಳುಕಾಳಿಗೂ ಬಿಳಿ ಹತ್ತಿ ಮೆತ್ತಿದ ಹಾಗೆ. ಮೂಗಿನ ಹತ್ತಿರ ತಂದರೆ ಕೊಳೆತ ವಾಸನೆಯ ಸುಳಿವೂ ಇಲ್ಲ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ಪರಿಮಳ! ಇದರ ಹೆಸರು ಕೋಜಿ. ಈ ಪದವನ್ನು ಬರೆಯಲು ಜಪಾನೀಯರು ಚೀನೀ ಲಿಪಿಯಲ್ಲಿದ್ದ ಅಕ್ಷರ ಸಾಲದೆಂಬಂತೆ ತಾವೇ ಒಂದು ಅಕ್ಷರ ಕಟ್ಟಿಕೊಂಡಿದ್ದಾರೆ. ಅದರ ಎಡಭಾಗ ಅಕ್ಕಿ, ಬಲಭಾಗ ಹೂವು. ನಾವು ಬೂಷ್ಟು ಎಂದು ಮುಖ ತಿರುಗಿಸುವುದನ್ನು ಕಂಡು ಅಲ್ಲಿ ಯಾರೋ, ಎಂದೋ, ಅಕ್ಕಿ ಹೂ ಬಿಟ್ಟಿದೆ ಅಂದುಕೊಂಡರು!

ಈ ಹೂವಿನ ಶಾಸ್ತ್ರೀಯ ಹೆಸರು ಆಸ್ಪರ್ಜಿಲಸ್ ಒರೈಜೆ. 2006ರಲ್ಲಿ ಜಪಾನಿನ ಮದ್ಯ ತಯಾರಿಕಾ ವಿದ್ವಾಂಸರ ಸಂಘ ಇದನ್ನು 'ರಾಷ್ಟ್ರೀಯ ಶಿಲೀಂಧ್ರ' ಎಂದು ಘೋಷಿಸಿತು. ಹುಲಿ, ನವಿಲು, ಕಮಲಗಳ ಸಾಲಿನಲ್ಲಿ ಒಂದು ಬೂಷ್ಟು! ಅತಿಯಾಯಿತೆಂದು ನಿಮಗನ್ನಿಸಿದರೆ ಜಪಾನೀ ಅಡುಗೆಮನೆಯ ಕಪಾಟಿನಿಂದ ಕೋಜಿ ಮುಟ್ಟಿದ್ದನ್ನೆಲ್ಲ ಕೆಳಗಿಳಿಸಿ ನೋಡಿ. ಸೋಯಾ ಸಾಸ್ ಹೋಯಿತು. ಹುದುಗಿಸಿದ ಸೋಯಾ ಮುದ್ದೆ ಮಿಸೊ ಹೋಯಿತು. ಅಡುಗೆಯ ಸಿಹಿ ಮದ್ಯ ಮಿರಿನ್ ಹೋಯಿತು, ಅಕ್ಕಿಯ ಮದ್ಯ ಸಾಕೆ ಹೋಯಿತು, ಆ ಸಾಕೆಯಿಂದ ಹುಳಿ ಬರಿಸುವ ಅಕ್ಕಿ ವಿನೆಗರ್ ಕೂಡ ಹೋಯಿತು. ಉಳಿಯುವುದು ಉಪ್ಪು, ಒಂದಷ್ಟು ಎಳ್ಳು, ಒಣ ಮೆಣಸು.

ಕೋಜಿ ಮಾಡುವ ಕೆಲಸವೇನು? ಬೂಷ್ಟಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ಹಾಗಾಗಿ ಅದು ಜೀರ್ಣರಸಗಳನ್ನು ಮೈಯ ಹೊರಗೇ ಸುರಿದು, ಅಕ್ಕಿಯನ್ನು ಅಲ್ಲಿಯೇ ಕರಗಿಸಿ ಹೀರಿಕೊಳ್ಳುತ್ತದೆ. ಒಂದು ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುತ್ತದೆ. ಅನ್ನದ ತುತ್ತನ್ನು ಬಹಳ ಹೊತ್ತು ಅಗಿದಾಗ ಬಾಯಲ್ಲಿ ಸಿಹಿಯಾಗುತ್ತದಲ್ಲ, ಅದೇ ಕೆಲಸ. ಇನ್ನೊಂದು ಕಿಣ್ವ ಪ್ರೋಟೀನನ್ನು ಅಮೈನೊ ಆಮ್ಲಗಳಾಗಿ ಬಿಡಿಸುತ್ತದೆ, ಆ ನಾಲಿಗೆ ಬಿಡದ ರುಚಿ ಹುಟ್ಟುವುದು ಇಲ್ಲಿ. ನನ್ನನ್ನು ಬೆರಗಾಗಿಸಿದ್ದು ಇದು: ಉಪ್ಪುನೀರಿಗೆ ಬಿದ್ದ ಮೇಲೆ ಬೂಷ್ಟಿನ ಬೆಳವಣಿಗೆ ನಿಂತೇ ಹೋಗುತ್ತದೆ. ಅದು ಮಾಡಿಟ್ಟ ಕಿಣ್ವಗಳು ಮಾತ್ರ ಒಡೆಯನಿಲ್ಲದೆಯೂ ಹಗಲೂ ರಾತ್ರಿ ದುಡಿಯುತ್ತಲೇ ಇರುತ್ತವೆ.

ಹೀಗೆ ಉಪ್ಪುನೀರಲ್ಲಿ ಹದವಾದ ಕೋಜಿಗೆ ಶಿಯೋ ಕೋಜಿ ಎಂದು ಹೆಸರು. ಇದು ಜಪಾನಿನಲ್ಲೇ ಮರೆತುಹೋಗುವಂತಿತ್ತು. ಕ್ಯೂಶು ದ್ವೀಪದ ಸಾಯಿಕಿ ಊರಿನಲ್ಲಿ 1689ರಿಂದ ಕೋಜಿ ಮಾಡುತ್ತಿರುವ ಒಂದು ಮನೆತನವಿದೆ. ಜನ ಮಿಸೊ ಮಾಡಿಕೊಳ್ಳುವುದನ್ನು ಬಿಟ್ಟಂತೆ ಅವರ ವ್ಯಾಪಾರವೂ ಬಾಡುತ್ತಿತ್ತು. ಆ ಮನೆಯ ಮಗಳು ಮ್ಯೋಹೊ ಅಸಾರಿ ಜಪಾನಿನ ಹಳೆಯ ಎದೋ ಕಾಲದ ಆಹಾರ ಗ್ರಂಥವೊಂದರಲ್ಲಿ ಉಪ್ಪು ಬೆರೆತ ಕೋಜಿಯ ಮಾತನ್ನು ಕಂಡು, ಅದನ್ನು ಹದಕ್ಕೆ ತಂದು, 2007ರ ಹೊತ್ತಿಗೆ ಮನೆಮನೆಗೆ ಹೇಳಿಕೊಡತೊಡಗಿದರು. ಐದು ವರ್ಷ ಕಳೆಯುವುದರೊಳಗೆ ಇಡೀ ದೇಶ ಶಿಯೋ ಕೋಜಿಯ ಜಾಡಿ ಕಲಕುತ್ತಿತ್ತು! ಮೀನು, ಕೋಳಿ ತಿನ್ನುವವರು ಮಾಂಸದ ತೂಕದ ಹತ್ತರಲ್ಲೊಂದು ಪಾಲು ಶಿಯೋ ಕೋಜಿ ಸವರಿಟ್ಟರೆ ಮಾಂಸ ಬೆಣ್ಣೆಯಂತಾಗುತ್ತದೆ. ನಾನು ಪನೀರಿಗೆ ಸವರಿ ಒಂದು ರಾತ್ರಿ ಬಿಟ್ಟು ಹೆಂಚಿಗೆ ಹಾಕಿದೆ. ಅಂಚು ಬೇಗ ಕೆಂಪಾಗುತ್ತದೆ, ಕಣ್ಣು ಅದರ ಮೇಲೇ ಇರಲಿ.

ಪೊಟ್ಟಣ ಮುಗಿದ ಮೇಲೆ ಕೋಜಿಯನ್ನೇ ಮಾಡುವ ಹುಚ್ಚು ಹಿಡಿಯಿತು. ಇದಕ್ಕೆ ಬೀಜ ಬೇಕು. ಕೋಜಿಯ ಬೀಜಕಗಳ ಹಸಿರು ಪುಡಿ, ತಾನೆ ಕೋಜಿ, ಚಿಟಿಕೆಯಷ್ಟಿದ್ದರೆ ಸಾಕು. ಅದನ್ನೇ ಬೆಳೆಸಿ ಮಾರುವ ಮನೆತನಗಳು ಅಲ್ಲಿ ಶತಮಾನಗಳಿಂದಿವೆ, ಈಗ ಬೆರಳೆಣಿಕೆಯಷ್ಟು ಉಳಿದಿವೆ. ಸೂಕ್ಷ್ಮದರ್ಶಕವೇ ಇಲ್ಲದ ಕಾಲದಲ್ಲಿ ಅವರು ಈ ಒಂದು ಬೂಷ್ಟನ್ನು ಬೇರೆಲ್ಲದರಿಂದ ಹೇಗೆ ಬೇರ್ಪಡಿಸಿದರು ಗೊತ್ತೇ? ಮರದ ಬೂದಿಯಿಂದ! ಬೂದಿಯ ಕ್ಷಾರಕ್ಕೆ ಬೇರೆ ಸೂಕ್ಷ್ಮಜೀವಿಗಳು ಸೋಲುತ್ತವೆ, ಕೋಜಿ ತಾಳಿಕೊಳ್ಳುತ್ತದೆ. ಕಾಳಿಗೆ ಬೂದಿ ಬೆರೆಸಿ ವರ್ಷವಿಡೀ ಕಾಪಾಡುತ್ತಿದ್ದ ನನ್ನಜ್ಜಿಗೆ ಈ ಮಾತು ಕೂಡಲೇ ಅರ್ಥವಾಗುತ್ತಿತ್ತು.

ಅಕ್ಕಿಯನ್ನು ರಾತ್ರಿಯಿಡೀ ನೆನೆಸಿ, ಚೆನ್ನಾಗಿ ನೀರು ಬಸಿದು, ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ ಹಬೆಯಲ್ಲಿ ಬೇಯಿಸಿದೆ. ನೀರಲ್ಲಿ ಬೇಯಿಸಿದರೆ ಅನ್ನ ಮುದ್ದೆಯಾಗಿ ಕೆಡುತ್ತದೆ. ಕಾಳು ಹೊರಗೆ ಬಿರುಸಾಗಿ, ಒಳಗೆ ಮೆತ್ತಗಿರಬೇಕು. ಮೈಬಿಸಿಯಷ್ಟು ಆರಿದ ಮೇಲೆ ಹಸಿರು ಪುಡಿ ಉದುರಿಸಿ ಕಲಸಿ, ಒದ್ದೆ ಬಟ್ಟೆ ಹೊದಿಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿಟ್ಟೆ. ಹತ್ತು ಗಂಟೆ ಏನೂ ಆಗಲಿಲ್ಲ. ಇಪ್ಪತ್ತನೆಯ ಗಂಟೆಗೆ, ನಡುರಾತ್ರಿ ದಾಟಿತ್ತು, ಬಟ್ಟೆಯ ಮೇಲೆ ಕೈಯಿಟ್ಟೆ. ಬಿಸಿ! ಒಲೆಯಿಲ್ಲ, ದೀಪವಿಲ್ಲ, ಜ್ವರ ಬಂದ ಮಗುವಿನ ಹಣೆಯಂತೆ ಅಕ್ಕಿ ತಾನಾಗಿ ಬೆಚ್ಚಗಾಗಿತ್ತು. ಒಳಗಿನ ಜೀವ ಉಸಿರಾಡಿ, ತಿಂದು, ಬೆಳೆದು ಹುಟ್ಟಿಸಿದ ಕಾವು ಅದು. ಇಲ್ಲಿಂದ ಮುಂದೆ ಕಾಯಿಸುವುದು ಬಿಟ್ಟು ತಣಿಸುವುದೇ ಕೆಲಸ. 40 ಡಿಗ್ರಿ ದಾಟಿದರೆ ಕೆಟ್ಟಿತು. ಮುದ್ದೆ ಬಿಡಿಸಿ, ಹೊರಳಿಸಿ, ಸಾಲು ಸಾಲಾಗಿ ಗೆರೆ ಎಳೆದು ಗಾಳಿಯಾಡಿಸುತ್ತ ಆ ರಾತ್ರಿ ನಾಲ್ಕು ಸಲ ಎದ್ದೆ. ಬಾಣಂತಿಯ ಕೋಣೆಯಲ್ಲಿ ಎದ್ದು ಕೂತಂತೆ! 45ನೆಯ ಗಂಟೆಗೆ ಬಟ್ಟೆ ಸರಿಸಿದಾಗ ಬಿಡಿ ಕಾಳು ಒಂದೂ ಇರಲಿಲ್ಲ. ಬಿಳಿ ಎಳೆಗಳು ಕಾಳನ್ನು ಕಾಳಿಗೆ ಹೆಣೆದು ಒಂದು ಮೆತ್ತನೆಯ ಹಾಸಿಗೆ ನೇಯ್ದಿದ್ದವು. ಮನೆಯ ತುಂಬ ಸುಟ್ಟ ಹಲಸಿನ ಬೀಜ.

ಇಲ್ಲೊಂದು ಎಚ್ಚರಿಕೆಯನ್ನು ಕೈಮುಗಿದು ಹೇಳಬೇಕು. ಕಡಲೆಕಾಯಿ, ಮೆಕ್ಕೆಜೋಳಗಳಿಗೆ ತಗಲಿ ಯಕೃತ್ತಿಗೆ ಮಾರಕವಾದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಿಸುವ ಆಸ್ಪರ್ಜಿಲಸ್ ಫ್ಲೇವಸ್ ಇದೆಯಲ್ಲ, ಕೋಜಿ ಅದರ ಹತ್ತಿರದ ಸಂಬಂಧಿ. ತೋಳ ಮನುಷ್ಯನ ಅಂಗಳದಲ್ಲಿ ನಾಯಿಯಾದ ಹಾಗೆ ಆ ಕಾಡುಬೂಷ್ಟು ಅಡುಗೆಮನೆಯಲ್ಲಿ ಸಾಧುವಾಯಿತು. 2005ರಲ್ಲಿ ಕೋಜಿಯ ಸುಮಾರು 12,000 ವಂಶವಾಹಿಗಳನ್ನು ವಿಜ್ಞಾನಿಗಳು ಓದಿದ್ದಾರೆ; ಕೋಜಿ ಅಫ್ಲಟಾಕ್ಸಿನ್ ಮಾಡುವುದಿಲ್ಲ. ಹಾಗೆಂದು ಡಬ್ಬಿಯಲ್ಲಿ ತಾನಾಗಿ ಬಂದ ಬೂಷ್ಟಿನಿಂದ ಯಾರೂ ಇದನ್ನು ಮಾಡಹೋಗಬಾರದು. ಕಣ್ಣಿಗೆ ಎರಡೂ ಒಂದೇ. ನಂಬಿಕಸ್ಥರಿಂದ ಕೊಂಡ ಬೀಜ ಬೇಕೇ ಬೇಕು. ಬಿಳಿ ದಾಟಿ ಕಪ್ಪು, ಕೆಂಪು ಬಣ್ಣ ಕಂಡರೆ ಎಲ್ಲವನ್ನೂ ಎಸೆದುಬಿಡಿ.

ಕೋಜಿ ಕೈಗೆ ಬಂದ ಮೇಲೆ ಬಾಗಿಲುಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ! ನಾನು ಮೊದಲು ತಳ್ಳಿದ್ದು ಮಿಸೊದ ಬಾಗಿಲು. 500 ಗ್ರಾಂ ಸೋಯಾ ಕಾಳು ನೆನೆಸಿ ಬೇಯಿಸಬೇಕು. ಹದ ನೋಡುವುದು ಹೇಗೆ? ಕಾಳನ್ನು ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಹಿಡಿದು ಒತ್ತಬೇಕು, ಕೈಯ ಅತಿ ದುರ್ಬಲ ಬೆರಳಿಗೂ ಅದು ಸೋಲಬೇಕು. ಕಡೆದು, ಆರಿಸಿ, 500 ಗ್ರಾಂ ಕೋಜಿ ಮತ್ತು 220 ಗ್ರಾಂ ಉಪ್ಪು ಕಲಸಿ, ಉಂಡೆ ಕಟ್ಟಿ, ಒಳಗೆ ಗಾಳಿ ಉಳಿಯದಂತೆ ಜಾಡಿಯ ತಳಕ್ಕೆ ಬೀಸಿ ಹೊಡೆಯಬೇಕು. ಮೇಲೆ ಉಪ್ಪು ಉದುರಿಸಿ, ಭಾರ ಹೇರಿ, ಆರು ತಿಂಗಳಿಂದ ಒಂದು ವರ್ಷ ಮರೆಯಬೇಕು. ಒಕಾಝಾಕಿ ಊರಿನ ಕೋಟೆಯಿಂದ ಎಂಟು 'ಚೋ', ಅಂದರೆ 870 ಮೀಟರು ದೂರದ ಬೀದಿಯಲ್ಲಿ ಹಾಚೋ ಮಿಸೊ ಮಾಡುವವರು ಆರು ಟನ್ ಮಿಸೊ ಹಿಡಿಸುವ ಮರದ ತೊಟ್ಟಿಯ ಮೇಲೆ ಮೂರು ಟನ್ ಹೊಳೆಗಲ್ಲುಗಳನ್ನು ಗೋಪುರದಂತೆ ಒಟ್ಟುತ್ತಾರೆ. ಗಾರೆಯಿಲ್ಲ, ಹಗ್ಗವಿಲ್ಲ, ಬರೀ ಕೈಚಳಕ! ಎರಡು ಬೇಸಿಗೆ, ಎರಡು ಚಳಿಗಾಲ ಅದರಡಿ ಕಳೆಯಬೇಕು. ಒಂದು ಕಾಲಕ್ಕೆ ಮನೆಮನೆಯೂ ತನ್ನದೇ ಮಿಸೊ ಮಾಡುತ್ತಿತ್ತು, ಪ್ರತಿ ಮನೆಗೂ ತನ್ನದೇ ಶ್ರೇಷ್ಠ. 'ತೆಮಾಯೆ ಮಿಸೊ', ನಮ್ಮನೆ ಮಿಸೊ, ಎಂದರೆ ಇವತ್ತಿಗೂ ಜಪಾನೀ ಮಾತಿನಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವುದು ಎಂದರ್ಥ.

ಸೋಯಾ ಸಾಸ್, ಜಪಾನೀಯರ ಶೋಯು, ಹುಟ್ಟಿದ್ದೇ ಇಂಥದೊಂದು ತೊಟ್ಟಿಯ ತಳದಲ್ಲಂತೆ. 1254ರಲ್ಲಿ ಚೀನಾದಿಂದ ಮರಳಿದ ಕಾಕುಶಿನ್ ಎಂಬ ಬೌದ್ಧ ಭಿಕ್ಷು ಕಿನ್‌ಝಾನ್‌ಜಿ ಮಿಸೊದ ವಿದ್ಯೆ ತಂದರು. ಯುಆಸಾ ಊರಿನವರು ಆ ಮಿಸೊದಿಂದ ಒಸರಿದ ಕಪ್ಪು ರಸವನ್ನು ಚೆಲ್ಲದೆ ನೆಕ್ಕಿ ನೋಡಿದರು ಎಂಬುದು ಅಲ್ಲಿನ ಹೇಳಿಕೆ. ಇಂದಿನ ಶೋಯುಗೆ ಸೋಯಾದ ಜೊತೆ ಹುರಿದು ಒಡೆದ ಗೋಧಿಯೂ ಸೇರುತ್ತದೆ. ಶೊಡೊಶಿಮಾ ದ್ವೀಪದಲ್ಲಿ ಅದನ್ನು ಇನ್ನೂ ಆಳೆತ್ತರ ಮೀರಿದ ಮರದ ಪೀಪಾಯಿಗಳಲ್ಲಿ ಹದ ಮಾಡುತ್ತಾರೆ. ನೂರು ವರ್ಷ ದಾಟಿದ ಆ ಹಲಗೆಗಳ ಸಂದುಗಳಲ್ಲಿ ಆ ಮನೆಯದೇ ಸೂಕ್ಷ್ಮಜೀವಿಗಳ ವಂಶ ನೆಲೆಸಿದೆ. ಹೀಗೆ ತಯಾರಾಗುವುದು ಜಪಾನಿನ ಒಟ್ಟು ಸೋಯಾ ಸಾಸ್‌ನಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಪೀಪಾಯಿ ಕಟ್ಟುವವರೇ ಇಲ್ಲವಾಗುತ್ತಿರುವುದನ್ನು ಕಂಡು ಅಲ್ಲಿನ ಶೋಯು ತಯಾರಕ ಯಾಸುಓ ಯಾಮಾಮೊತೊ 2012ರಲ್ಲಿ ಬಡಗಿ ಗೆಳೆಯರನ್ನು ಕರೆದುಕೊಂಡು ಹೋಗಿ ತಾವೇ ಆ ಕಸುಬು ಕಲಿತು ಬಂದರು. ಮೊಮ್ಮಕ್ಕಳ ಕಾಲಕ್ಕೆ ಬೇಕಾಗುವ ಪೀಪಾಯಿಗಾಗಿ ಇಂದು ಬಿದಿರ ಪಟ್ಟಿ ಹೆಣೆಯುವ ಮನುಷ್ಯ! ಶೋಯುವನ್ನು ನಾನು ಕೊಳ್ಳುತ್ತೇನೆ. ಅದಕ್ಕೆ ನನ್ನ ಬಾಲ್ಕನಿ ಸಾಲದು.

ಕೊಂಡ ಶೋಯುವಿನಿಂದಲೂ ಮನೆಯಲ್ಲಿ ಅದ್ಭುತಗಳಾಗುತ್ತವೆ. ಪೊನ್‌ಜು ಮಾಡಿ ನೋಡಿ. ಒಂದು ಲೋಟ ಶೋಯು, ಮುಕ್ಕಾಲು ಲೋಟ ಹುಳಿಹಣ್ಣಿನ ರಸ, ಕುದಿಸಿ ಮದ್ಯಾಂಶ ಹೋಗಿಸಿದ ಒಂದಿಷ್ಟು ಮಿರಿನ್, ಅಂಗೈಯಗಲದ ಕೊಂಬು ಎಂಬ ಒಣ ಕಡಲಪಾಚಿ. ಅಲ್ಲಿ ಯುಝು, ಸುದಾಚಿ ಹಣ್ಣು. ಇಲ್ಲಿ ನಮ್ಮ ಗಜನಿಂಬೆ, ಕಿತ್ತಳೆ ಬೆರೆಸಿದರೂ ಸೊಗಸು. ರಾತ್ರಿ ಕಳೆದು ಸೋಸಿದರೆ ಸಾಕು. ಇನ್ನು ಈ ಹೆಸರಿನ ಪ್ರಯಾಣ ಕೇಳಿ! ನಾಗಾಸಾಕಿಯಲ್ಲಿ ವ್ಯಾಪಾರಕ್ಕಿದ್ದ ಡಚ್ಚರು ಹುಳಿಹಣ್ಣು ಹಿಂಡಿದ ಪಾನೀಯಕ್ಕೆ 'ಪೊನ್ಸ್' ಎನ್ನುತ್ತಿದ್ದರು. ಜಪಾನೀಯರ ನಾಲಿಗೆಯಲ್ಲಿ ಅದು ಪೊನ್‌ಜು ಆಯಿತು, ಕೊನೆಯ ಅಕ್ಷರಕ್ಕೆ ಅವರು ತಮ್ಮ 'ಹುಳಿ'ಯ ಲಿಪಿ ಹಚ್ಚಿದರು. ಡಚ್ಚರ ಪೊನ್ಸ್ ಎಂದರೆ ಇಂಗ್ಲಿಷರ ಪಂಚ್. ಆ ಪಂಚ್ ಬಂದದ್ದು ಭಾರತದಲ್ಲಿ ಐದು ಪದಾರ್ಥ ಬೆರೆಸಿದ ಪಾನೀಯದ 'ಪಂಚ'ದಿಂದ ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ನಮ್ಮ ಪಂಚಾಮೃತದ, ಪಂಚಕಜ್ಜಾಯದ ಪಂಚ!

ಕೊಂಬು ಎಂದ ಮೇಲೆ ಆ ನಾಲಿಗೆ ಬಿಡದ ರುಚಿಯ ಹೆಸರನ್ನೂ ಹೇಳಬೇಕು: ಉಮಾಮಿ. 1908ರಲ್ಲಿ ತೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಕೊಂಬು ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳ ಆಚೆಯ ಈ ರುಚಿಗೆ ಹೆಸರಿಟ್ಟರು. ತಾಯಿಯ ಹಾಲಿನಲ್ಲೂ ಅದು ಧಾರಾಳವಾಗಿದೆ. ಒಣ ಶಿಟಾಕೆ ಅಣಬೆಯಲ್ಲಿ ಬೇರೊಂದು ರುಚಿವಸ್ತುವಿದೆ. ಎರಡನ್ನೂ ಒಟ್ಟಿಗೆ ನೆನೆಸಿದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ! ಮೀನು ತಿನ್ನದ ನನ್ನಂಥವರಿಗೆ ಅದೇ ದಾಶಿ ಎಂಬ ಮೂಲಸಾರು, ಅದೇ ಸಕಲ ಸಾಸುಗಳ ತಾಯಿನೀರು.

ಪುಡಿಗಳ ಲೋಕ ಇನ್ನೂ ಹತ್ತಿರದ್ದು. 1625ರಲ್ಲಿ ಎದೋ (ಇಂದಿನ ತೋಕಿಯೊ) ನಗರದ ಯಾಗೆನ್‌ಬೊರಿಯಲ್ಲಿ ಹುಟ್ಟಿದ ಏಳು ರುಚಿಯ ಶಿಚಿಮಿ, ಅನ್ನದ ಮೇಲೆ ಉದುರಿಸುವ ಫುರಿಕಾಕೆ, ಎಳ್ಳುಪ್ಪಿನ ಗೊಮಾಶಿಯೊ: ಚಟ್ನಿಪುಡಿ ಕುಟ್ಟುವ ಕೈಗೆ ಇವನ್ನು ಕಲಿಸಬೇಕಾಗಿಲ್ಲ. ಶಿಚಿಮಿಗೆ ಬೇಕಾದದ್ದು ಎಳ್ಳು, ಒಣ ಮೆಣಸು, ಒಣಗಿಸಿದ ಕಿತ್ತಳೆ ಸಿಪ್ಪೆ, ಶುಂಠಿಪುಡಿ, ಗಸಗಸೆ, ನೋರಿ ಎಂಬ ಕಡಲಪಾಚಿ ಹಾಳೆಯ ಚೂರು, ಅವರ ಸಾಂಶೊ ಮಸಾಲೆಗೆ ಬದಲಾಗಿ ಅದರ ದಾಯಾದಿಯಾದ ನಮ್ಮ ಜುಮ್ಮನಕಾಯಿ. ಬಿಸಿ ಅನ್ನಕ್ಕೆ ಉದುರಿಸಿ ಮಕ್ಕಳಿಗೆ ಕೊಡಿ, ತಟ್ಟೆ ಖಾಲಿಯಾಗುವುದನ್ನು ನೋಡಿ.

ನನ್ನ ಮಿಸೊ ಜಾಡಿಗೆ ಈಗ ಐದು ತಿಂಗಳು. ನೀವು ಮಾತ್ರ ಅದರಿಂದ ಶುರು ಮಾಡಬೇಡಿ, ಶಿಯೋ ಕೋಜಿಯಿಂದ ಮಾಡಿ. ಒಣ ಕೋಜಿ 200 ಗ್ರಾಂ, ಉಪ್ಪು 60 ಗ್ರಾಂ, ಕುದಿಸಿ ಆರಿಸಿದ ನೀರು 300 ಮಿಲಿಲೀಟರ್. ಮುಚ್ಚಳ ಬಿಗಿ ಮಾಡಬೇಡಿ. ದಿನಕ್ಕೊಮ್ಮೆ ತೊಳೆದ ಒಣ ಚಮಚದಿಂದ ಕಲಕಿ, ದಿನವೂ ಒಂದು ಹನಿ ನಾಲಿಗೆಗಿಡಿ, ವಾರ ಹತ್ತು ದಿನಕ್ಕೆ ಹದವಾದ ಮೇಲೆ ಫ್ರಿಜ್ಜಿಗೆ ಸೇರಿಸಿ. ಮೊದಲ ದಿನವೇ ಜಾಡಿಯ ಮೇಲೆ ತಾರೀಖು ಬರೆದಿಡಿ.