ಹಾಲು ಇಳಿಯಿತೇ? ಮೊದಲು ಕೊಟ್ಟಿಗೆಯ ನಳ ನೋಡಿ

ಬೇಸಿಗೆ ಬಂತೆಂದರೆ ಅಗಡಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಸಂಘಗಳ ಅಕ್ಕಂದಿರಿಂದ ನಾವು ಕೇಳುವ ಮಾತು ಹೆಚ್ಚುಕಡಿಮೆ ಒಂದೇ. "ಡಾಕ್ಟ್ರ, ಹಿಂಡಿ ಮೊದಲಿನಷ್ಟ ಹಾಕಾಕತ್ತೀನ್ರಿ, ಹಾಲು ಮಾತ್ರ ಇಳದೈತ್ರಿ. ಒಂದ್ ಕ್ಯಾಲ್ಸಿಯಂ ಬಾಟ್ಲಿ ಬರದ ಕೊಡ್ರಿ." ಬಾಟಲಿ ಬರೆಯುವ ಮೊದಲು ನಾನು ಕೊಟ್ಟಿಗೆಯ ನಳ ತಿರುಗಿಸಿ ನೋಡುತ್ತೇನೆ.

ಹಾಲಿನ ನೂರು ಭಾಗದಲ್ಲಿ ಸುಮಾರು 87 ಭಾಗ ನೀರೇ. ಇದು ಸಂಘದಲ್ಲಿ ಹಿಡಿಯುವ ನೀರಲ್ಲ, ಆಕಳೇ ಬೆರೆಸಿದ ನೀರು! ಒಂದು ಲೀಟರ್ ಹಾಲು ಕೊಡಲು ಆಕಳು 4ರಿಂದ 5 ಲೀಟರ್ ನೀರು ಕುಡಿಯಬೇಕು. ಹತ್ತು ಲೀಟರ್ ಹಿಂಡುವ ಮಿಶ್ರತಳಿ ಆಕಳಿಗೆ ಮೈಯ ಅಗತ್ಯವೂ ಸೇರಿ ಬಿಸಿಲುಗಾಲದಲ್ಲಿ ದಿನಕ್ಕೆ 80 ಲೀಟರ್ ಬೇಕಾಗುತ್ತದೆ, ಕೆಲವಕ್ಕೆ ಇನ್ನೂ ಹೆಚ್ಚು. ಹಸಿಮೇವಿನಲ್ಲಿ ಮುಕ್ಕಾಲು ಪಾಲು ನೀರಿರುತ್ತದೆ. ಜೋಳದ ಕಣಿಕೆ, ಗೋವಿನಜೋಳದ ಒಣ ಸೊಪ್ಪೆಯಲ್ಲಿ ನೀರು ಇಲ್ಲವೆಂದೇ ಹೇಳಬೇಕು. ಹಸಿಮೇವು ಮುಗಿದ ತಿಂಗಳಲ್ಲೇ ನಳವೂ ಸಣ್ಣಗಾದರೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

ಅಗಡಿ ಕಡೆಯ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಎರಡು ಆಕಳು, ಎರಡೂ ಆರೋಗ್ಯವಾಗಿಯೇ ಇದ್ದವು. ಆದರೆ ಸಗಣಿ ಗಟ್ಟಿ, ಮೇವು ಗೋದಲಿಯಲ್ಲೇ ಉಳಿಯುತ್ತಿತ್ತು. ಕೊಟ್ಟಿಗೆಯ ನಳದಡಿ 15 ಲೀಟರಿನ ಬಕೀಟು ಇಟ್ಟು ಗಡಿಯಾರ ನೋಡಿದೆವು. ತುಂಬಲು ಒಂಬತ್ತು ನಿಮಿಷ! ಬಾಯಾರಿದ ಆಕಳು ಅದನ್ನು ಒಂದೆರಡು ನಿಮಿಷದಲ್ಲಿ ಖಾಲಿ ಮಾಡುತ್ತದೆ. ಲೆಕ್ಕ ಹಾಕಿ: ಎರಡಕ್ಕೂ ಸೇರಿ 160 ಲೀಟರ್ ಕೊಡಲು ಆ ತಾಯಿ ಒಂದೂವರೆ ತಾಸಿಗಿಂತ ಹೆಚ್ಚು ನಳದ ಮುಂದೆ ನಿಲ್ಲಬೇಕು. ರೊಟ್ಟಿ ಬಡಿಯಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು, ಸಂಘಕ್ಕೆ ಹಾಲು ಮುಟ್ಟಿಸಬೇಕು, ಯಾರು ನಿಲ್ಲುತ್ತಾರೆ? ಮುಂಜಾನೆ ಒಂದೊಂದಕ್ಕೆ ಒಂದೂವರೆ ಬಕೀಟು, ಸಂಜೆ ಅಷ್ಟೇ, ಮೇಲೆ ಸ್ವಲ್ಪ ಮುಸುರೆ. ಆಕಳಿಗೆ ಬಂದದ್ದು ಅಗತ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ಆಕೆಯ ಆಲಸ್ಯವಲ್ಲ, ನಳದ ಕಾಯಿಲೆ.

ನೀವೂ ಇಂದೇ ಬಕೀಟು ಇಟ್ಟು ನೋಡಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಚಿಂತೆಯಿಲ್ಲ. ಐದು ನಿಮಿಷ ದಾಟಿದರೆ ಕಾರಣ ಹುಡುಕಬೇಕು. ನಾವು ರೋಗ ಹುಡುಕುವಾಗ ಕೇಳುವಂಥ ಪ್ರಶ್ನೆಗಳೇ ಇಲ್ಲಿಯೂ ಸಾಕು: ಒಂದೇ ನಳಕ್ಕೋ, ಎಲ್ಲಕ್ಕೋ? ಒಮ್ಮೆಲೇ ಆಯಿತೋ, ನಿಧಾನವಾಗಿಯೋ?

ಅಡುಗೆಮನೆಯಲ್ಲಿ ಚೆನ್ನಾಗಿ ಬಂದು ಕೊಟ್ಟಿಗೆಯಲ್ಲಿ ಮಾತ್ರ ಸಣ್ಣಗೆ ಬಂದರೆ ತೊಂದರೆ ಆ ಸಾಲಿನಲ್ಲೇ ಇದೆ. ಮೊದಲು ನಳವನ್ನೇ ಬಿಚ್ಚಿ. ನಳವಿಲ್ಲದ ಪೈಪಿನಿಂದ ನೀರು ಜೋರಾಗಿ ಬಂದರೆ ಪೈಪು ಸರಿಯಿದೆ, ನಳದ ಒಳಗೆ ವಾಷರ್ ಹರಿದಿದೆ ಅಥವಾ ಕಸ ಸಿಕ್ಕಿದೆ. ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಪಾತ್ರೆಗೆ ಬಿಳಿ ಪದರು ಕಟ್ಟುವಂತೆ ನಳದೊಳಗೂ ಕಟ್ಟುತ್ತದೆ. ನಳವನ್ನು ರಾತ್ರಿಯಿಡೀ ಹುಣಸೆಹುಳಿ ಅಥವಾ ನಿಂಬೆರಸದಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಬಿಡುತ್ತದೆ. ಪೈಪಿನೊಳಗೆ ಮಾತ್ರ ಆ್ಯಸಿಡ್ ಸುರಿಯಬೇಡಿ. ಅದೇ ನೀರನ್ನು ಆಕಳು ಕುಡಿಯುತ್ತದೆ.

ನಳ ಬಿಚ್ಚಿದರೂ ಸಣ್ಣಗೇ ಬಂದರೆ ಪೈಪಿನ ಕಡೆ ನಡೆಯಿರಿ. ಹಳೆಯ ಕಬ್ಬಿಣದ ಪೈಪು ಒಳಗೆ ತುಕ್ಕು ಹಿಡಿದು, ಹೆಬ್ಬೆರಳು ಹೋಗುವ ತೂತು ಕಿರುಬೆರಳಿನಷ್ಟಾಗಿರುತ್ತದೆ. ಇದು ವರ್ಷಗಟ್ಟಲೆ ನಿಧಾನವಾಗಿ ಆಗುವುದು. ಅದಕ್ಕೆ ಪೈಪು ಬದಲಿಸುವುದೊಂದೇ ದಾರಿ. ನಿನ್ನೆ ಚೆನ್ನಾಗಿದ್ದು ಇಂದು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಏನೋ ಅಡ್ಡ ಬಂದಿದೆ. ಪೈಪು ಹೋದ ದಾರಿಯಲ್ಲಿ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿದ್ದರೆ ಅಲ್ಲೇ ಅಗೆಯಿರಿ.

ಎಲ್ಲ ನಳದಲ್ಲೂ ಕಡಿಮೆಯಾದರೆ ಟ್ಯಾಂಕಿನ ಬಳಿ ಹೋಗಬೇಕು. ತಳದ ರಾಡಿ ಹೊರಹೋಗುವ ಬಾಯಿಗೆ ಬಂದಿರಬಹುದು. ಗೇಟ್ ವಾಲ್ವ್‌ನ ಚಕ್ರ ಪೂರ್ತಿ ತಿರುಗುತ್ತದೆ, ಆದರೆ ಒಳಗಿನ ತಗಡು ಮುರಿದು ಅರ್ಧ ದಾರಿಯಲ್ಲೇ ನಿಂತಿರುತ್ತದೆ. ಮೇಲೆ ಹೇಳಿದ ಮನೆಯಲ್ಲಿ ಆಗಿದ್ದೂ ಇದೇ, ಕೊಟ್ಟಿಗೆಗೆ ಕವಲೊಡೆಯುವ ಜಾಗದ ವಾಲ್ವ್‌ನಲ್ಲಿ. ನೀರು ಬುಸ್ ಬುಸ್ ಎಂದು ತಡೆತಡೆದು ಬಂದರೆ ಪೈಪಿನಲ್ಲಿ ಗಾಳಿ ಸಿಕ್ಕಿದೆ. ನಡುವೆ ಪೈಪು ಗೂನಿನಂತೆ ಎದ್ದಲ್ಲಿ ಗಾಳಿ ಕೂರುತ್ತದೆ. ಕೆಳಗಿನ ನಳಗಳನ್ನೆಲ್ಲ ಒಟ್ಟಿಗೆ ಪೂರ್ತಿ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಎಲ್ಲ ಸರಿಯಿದ್ದರೂ ನೀರು ಸಣ್ಣಗೆ ಬಂದರೆ ಎತ್ತರ ನೋಡಿ. ಟ್ಯಾಂಕು ನಳಕ್ಕಿಂತ ಒಂದು ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರಿಗೆ ನೂರು ಗ್ರಾಂ ಒತ್ತಡ, ಅಷ್ಟೇ. ಎದೆಯೆತ್ತರದ ಕಟ್ಟೆಯ ಮೇಲಿನ ಟ್ಯಾಂಕಿನಿಂದ ನೂರು ಅಡಿ ದೂರದ ಕೊಟ್ಟಿಗೆಗೆ ಅರ್ಧ ಇಂಚಿನ ಪೈಪು ಎಳೆದರೆ ನೀರು ದಾರಿಯಲ್ಲೇ ದಣಿಯುತ್ತದೆ. ಒಂದು ಇಂಚಿನ ಪೈಪಿನ ಬಾಯಿ ಅರ್ಧ ಇಂಚಿನದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಹರಿವು ಅದಕ್ಕಿಂತಲೂ ಹೆಚ್ಚು. ಹೊಸ ಕೊಟ್ಟಿಗೆ ಕಟ್ಟುವವರು ಪೈಪಿನಲ್ಲಿ ಉಳಿತಾಯ ಮಾಡಬೇಡಿ.

ಊರಿನ ನಳದಲ್ಲೇ ನೀರು ಕಡಿಮೆ ಬಂದರೆ ಕೆಲವರು ಅದಕ್ಕೆ ನೇರವಾಗಿ ಮೋಟಾರ್ ಜೋಡಿಸುತ್ತಾರೆ. ಇದನ್ನು ಖಂಡಿತ ಮಾಡಬೇಡಿ. ಪಕ್ಕದ ಮನೆಯ ನಳ ಒಣಗುತ್ತದೆ, ಜೊತೆಗೆ ಪೈಪು ಬಿರುಕು ಬಿಟ್ಟಲ್ಲಿ ಗಟಾರದ ನೀರನ್ನೂ ಮೋಟಾರ್ ಎಳೆದು ತರುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ಅಂದರೆ ನಮ್ಮ 'ಮನೆ ಮನೆಗೆ ಗಂಗೆ'ಯ ಗುರಿ ದಿನಕ್ಕೆ ತಲೆಗೆ 55 ಲೀಟರ್. ಆ ಲೆಕ್ಕದಲ್ಲಿ ನಿಮ್ಮ ಆಕಳಿಲ್ಲ. ಅದರ 80 ಲೀಟರಿಗೆ ಬೇರೆ ವ್ಯವಸ್ಥೆ ಬೇಕೇ ಬೇಕು. ಗ್ರಾಮಸಭೆಯಲ್ಲಿ ದನಗಳ ನೀರಿನ ತೊಟ್ಟಿಯ ಮಾತು ಎತ್ತಬೇಕಾದವರು ಹಾಲು ಹಿಂಡುವ ನೀವೇ.

ಮನೆಯ ಟ್ಯಾಂಕಿನಲ್ಲಿ ನೀರಿದ್ದು ಹರಿವು ಮಾತ್ರ ಸಣ್ಣದಿದ್ದರೆ ಇನ್ನೊಂದು ಉಪಾಯವಿದೆ. ನಿಮಿಷಕ್ಕೆ ಒಂದೇ ಲೀಟರ್ ಬಂದರೂ ರಾತ್ರಿಯ ಎಂಟು ತಾಸಿನಲ್ಲಿ 480 ಲೀಟರ್ ಆಯಿತು. ಕೊಟ್ಟಿಗೆಯಲ್ಲಿ 200 ಲೀಟರಿನ ಡ್ರಮ್ ಅಥವಾ ಸಿಮೆಂಟ್ ತೊಟ್ಟಿ ಇಟ್ಟು, ಟ್ಯಾಂಕಿನಲ್ಲಿರುವಂಥ ತೇಲುವ ಬಾಲ್ ವಾಲ್ವ್ ಹಾಕಿಸಿ. ತುಂಬಿದ ಕೂಡಲೇ ತಾನೇ ನಿಲ್ಲುತ್ತದೆ, ನೀವು ಕಾಯಬೇಕಿಲ್ಲ. ತೊಟ್ಟಿ ನೆರಳಿನಲ್ಲಿರಲಿ, ಆಕಳ ಬಾಯಿಗೆ ಎಟುಕುವಷ್ಟು ಹಗ್ಗ ಬಿಡಿ. ವಾರಕ್ಕೊಮ್ಮೆ ಪಾಚಿ ತಿಕ್ಕಿ ಸುಣ್ಣ ಬಳಿದು, ಒಣಗಿದ ಮೇಲೆ ನೀರು ಬಿಡಿ. ಹಿಂಡಿದ ಕೂಡಲೇ ಮತ್ತು ಮೇವು ತಿಂದ ಮೇಲೆ ಆಕಳು ಹೆಚ್ಚು ಕುಡಿಯುತ್ತದೆ. ಆ ಹೊತ್ತಿಗೆ ತೊಟ್ಟಿ ತುಂಬಿರಲಿ. ಕೆಚ್ಚಲು, ಕ್ಯಾನು ತೊಳೆಯಲೂ ಧಾರಾಳ ನೀರು ಸಿಗುತ್ತದೆ, ಹಾಲು ಒಡೆಯುವ ದೂರೂ ತಗ್ಗುತ್ತದೆ.

ನೀರು ಸಾಕಷ್ಟು ಕೊಟ್ಟ ಮೇಲೂ ನಾಲ್ಕೈದು ದಿನದಲ್ಲಿ ಹಾಲು ಏರದಿದ್ದರೆ ನಮ್ಮನ್ನು ಕರೆಯಿರಿ. ಮೆಲುಕು ನಿಂತರೆ, ಜ್ವರ ಬಂದರೆ, ಕೆಚ್ಚಲು ಬಾತರೆ ಅಷ್ಟು ದಿನ ಕಾಯದೆ ಅಂದೇ ಕರೆಯಿರಿ.

ಇನ್ನೊಂದು ಮಾತು. ಬಹಳ ದಿನ ಬಾಯಾರಿದ ದನಕ್ಕೆ ತೊಟ್ಟಿ ತುಂಬಿದ ಮೊದಲ ದಿನವೇ ಹೊಟ್ಟೆಬಿರಿಯೆ ಕುಡಿಯಲು ಬಿಡಬೇಡಿ, ಕರುಗಳಿಗಂತೂ ಬೇಡವೇ ಬೇಡ. ಒಮ್ಮೆಲೇ ವಿಪರೀತ ನೀರು ಕುಡಿದ ಕರು ಕೆಂಪು ಮೂತ್ರ ಮಾಡಿ ಬಿದ್ದುಬಿಡಬಹುದು. ಅರ್ಧ ಅರ್ಧ ತಾಸಿಗೆ ಸ್ವಲ್ಪ ಸ್ವಲ್ಪ ಕೊಟ್ಟು, ಮರುದಿನದಿಂದ ತೊಟ್ಟಿಗೆ ಬಿಡಿ.