ಹಗಲು ಫ್ಯಾಕ್ಟರಿ, ಸಂಜೆ ಶರೀಫರ ಹಾಡು

ಕಳೆದ ಸೆಮ್ ರಜೆಯಲ್ಲಿ ನಾವು ನಾಲ್ಕು ಜನ ಅರಸೀಕೆರೆ ತಾಲೂಕಿನ ಕಣಕಟ್ಟೆಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಜ್ಜಿ ಮನೆ ಅಲ್ಲಿದೆ. ಸಂಜೆ ತೆಂಗಿನ ತೋಟದಲ್ಲಿ ಯಾರದೋ ಮೊಬೈಲಿನಿಂದ, ಕೋತಿಯನ್ನೇ ಕೋಳಿ ನುಂಗುವ ಆ ಹಾಡು ಕೇಳಿಸ್ತು. ಯಾವ ಸಿನಿಮಾದ್ದು ಅಂತ ಕೇಳಿದ್ದಕ್ಕೆ ಅಜ್ಜಿ ನಕ್ಕುಬಿಟ್ಟರು. ‘ಅದು ಶರೀಫಜ್ಜಂದು ಕಣ್ರೋ. ಹಾಡಿರೋನು ನಮ್ಮ ಜಿಲ್ಲೆಯವನು!’

ಹಾಡಿದವರು ಸಿ. ಅಶ್ವಥ್. ಹುಟ್ಟಿದ್ದು 1939ರ ಡಿಸೆಂಬರ್ 29, ಪಕ್ಕದ ಚನ್ನರಾಯಪಟ್ಟಣದಲ್ಲಿ. ಶಿಶುನಾಳ ಇರೋದು ದೂರದ ಹಾವೇರಿ ಜಿಲ್ಲೆಯಲ್ಲಿ. ಶರೀಫರ (1819–1889) ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ತತ್ವಪದಗಳು ಏಕತಾರಿ, ತಾಳದ ಜೊತೆ ಭಜನೆ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದವು. ಧಾರವಾಡ ಕಡೆಯ ಆ ಮಾತು ನಮ್ಮ ಅರಸೀಕೆರೆ ಸೀಮೆಯವರ ಬಾಯಲ್ಲೂ ಆಡೋ ಹಾಗಾಗಿದ್ದರಲ್ಲಿ ಅಶ್ವಥ್ ಮತ್ತು ಕ್ಯಾಸೆಟ್ಟಿನ ಪಾಲು ದೊಡ್ಡದು.

ಅವರು ಮಾಡಿದ್ದೇನು? ಪದದ ನಡೆಯನ್ನು ಹಾಗೇ ಇಟ್ಟುಕೊಂಡು, ನುಡಿಗಳ ನಡುವೆ ವಾದ್ಯಗಳಿಗೆ ಜಾಗ ಕೊಟ್ಟರು. ದನಿ ನುಣುಪಲ್ಲ. ಮೇಲಕ್ಕೆ ಎಳೆದಾಗ ಗಂಟಲು ಹರಿದೇಹೋಯ್ತೇನೋ ಅನ್ಸುತ್ತೆ, ಆದರೆ ಒಂದಕ್ಷರವೂ ಮಸುಕಾಗಲ್ಲ. ಶಾಸ್ತ್ರೀಯ ಬರದೆ ಹೀಗೆ ಹಾಡಿದ್ದಲ್ಲ. ದೇವಗಿರಿ ಶಂಕರರಾವ್ ಜೋಶಿಯವರ ಹತ್ತಿರ ಹಿಂದೂಸ್ತಾನಿ ಕಲಿತವರು. ವಾದ್ಯ ಜಾಸ್ತಿಯಾಯ್ತು, ಏಕತಾರಿಯೇ ಸಾಕಿತ್ತು ಅನ್ನೋರೂ ಇದ್ದಾರೆ. ಅದರಲ್ಲೂ ಸತ್ಯವಿದೆ. ಆದರೆ ಇಂಗ್ಲಿಷ್ ಮೀಡಿಯಮ್ಮಿನ ನಮ್ಮಂಥವರಿಗೆ ಶರೀಫರು ಸಿಕ್ಕಿದ್ದೇ ಈ ದಾರಿಯಲ್ಲಿ.

ನಮಗೆ ಗೊತ್ತೇ ಇರದಿದ್ದ ಸಂಗತಿ ಇನ್ನೊಂದು. ಬಿ.ಎಸ್ಸಿ. ಮುಗಿಸಿದ ಅಶ್ವಥ್ ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ 27 ವರ್ಷ ಕೆಲಸ ಮಾಡಿದ್ದರು. ಹೌದು, ಟೆಲಿಫೋನ್ ಮಾಡೋ ಫ್ಯಾಕ್ಟರಿ. (ಇಸಿ ಬ್ರಾಂಚಿನವರು ಕಾಲರ್ ಏರಿಸಬಹುದು.) ನಿವೃತ್ತರಾಗಿದ್ದು 1992ರಲ್ಲಿ. ಅಂದರೆ ನಾಟಕದ ಹಾಡುಗಳು, 1977ರ ‘ಕಾಕನಕೋಟೆ’, ಎಲ್. ವೈದ್ಯನಾಥನ್ ಜೊತೆ ಸೇರಿ ಮಾಡಿದ ಸಿನಿಮಾಗಳು, ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಎಲ್ಲವೂ ನೌಕರಿಯಲ್ಲಿದ್ದಾಗಲೇ ಆದವು! ‘ಶರೀಫ’ದಲ್ಲಿ ತೆರೆ ಮೇಲೆ ಶ್ರೀಧರ್, ಹಿಂದಿನ ದನಿ ಅಶ್ವಥ್. ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ‘ನಾಗಮಂಡಲ’, ಆಮೇಲೆ 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಬಂದಿದ್ದು ನಿವೃತ್ತಿಯ ನಂತರ. ನಾವೋ, ಎರಡು ಇಂಟರ್ನಲ್ಸ್ ನಡುವೆ ಒಂದು ಕೋರಸ್ ಪ್ರಾಕ್ಟೀಸ್ ಮಾಡಕ್ಕಾಗಲ್ಲ ಅಂತ ಗೋಳಾಡ್ತೀವಿ.

ಇದನ್ನೆಲ್ಲ ಹುಡುಕಿದ್ದಕ್ಕೆ ಕಾರಣವಿದೆ. ಆ ಅಜ್ಜಿಯ ಮೊಮ್ಮಗ ಚೆನ್ನಾಗಿ ಹಾಡ್ತಾನೆ. ಹಾಡಬೇಕಂದ್ರೆ ಇಂಜಿನಿಯರಿಂಗ್ ಬಿಡಬೇಕು ಅಂತ ಒಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ, ಮನೆಯಲ್ಲಿ ಜಗಳವೂ ಆಗಿತ್ತು. 27 ವರ್ಷದ ವಿಷಯ ಹೇಳಿದಾಗ, ‘ಅವರಿಗೆ ರಾತ್ರಿ ನಿದ್ದೆ ಯಾವಾಗ?’ ಅಂತಷ್ಟೇ ಕೇಳಿದ.

ಅಶ್ವಥ್ ತೀರಿಕೊಂಡಿದ್ದು 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ. ಈ ರಾಜ್ಯೋತ್ಸವಕ್ಕೆ ನಮ್ಮ ಕ್ಲಬ್ಬಿನಿಂದ ಕೋಳಿ ಹಾಡು ಇದೆ. ಕೀಬೋರ್ಡ್ ಬೇಡ, ಬರೀ ತಾಳ ಸಾಕು ಅಂತ ಮೊಮ್ಮಗ ಹಟ ಹಿಡಿದಿದ್ದಾನೆ. ತಾಳ ಕಣಕಟ್ಟೆಯಿಂದಲೇ ಬರಬೇಕು. ಅಜ್ಜಿ ಕೊಡ್ತೀನಿ ಅಂದಿದ್ದಾರೆ.